ಪೃಚ್ಛನೆಯಿಲ್ಲದ ವೆಬಿನಾರು

2020ರ ಲಾಕ್‌ಡೌನ್ ಕಾಲದಲ್ಲಿ ಉಕ್ಕಿದ ವೆಬಿನಾರುಗಳ ಪ್ರವಾಹ ಈಗ ಇಳಿದಿದೆ. ಅದು ಬಿಟ್ಟುಹೋದ ಅಭ್ಯಾಸ ಮಾತ್ರ ಕನ್ನಡ ವಿಭಾಗಗಳಲ್ಲಿ ಬೇರೂರಿದೆ. ಸಂಪನ್ಮೂಲ ವ್ಯಕ್ತಿಯೊಬ್ಬರು ಒಂದು ಗಂಟೆ ಮಾತನಾಡುತ್ತಾರೆ. ಉಳಿದವರು ಮೈಕು, ಕ್ಯಾಮೆರಾ ಎರಡನ್ನೂ ಆರಿಸಿ ಕುಳಿತಿರುತ್ತಾರೆ (ಕುಳಿತಿರುತ್ತಾರೆಂಬುದೂ ಊಹೆಯೇ). ವಂದನಾರ್ಪಣೆಗೆ ಮೊದಲೇ ಪ್ರತಿಕ್ರಿಯೆ ನಮೂನೆಯ ಲಿಂಕ್ ಬರುತ್ತದೆ, ತುಂಬಿದವರಿಗೆಲ್ಲ ಇ-ಪ್ರಮಾಣಪತ್ರ. ಇದನ್ನು ವಾರ್ಷಿಕ ವರದಿಗಳಲ್ಲಿ ‘ಸಹಭಾಗಿ ಕಲಿಕೆ’ ಎಂದು ದಾಖಲಿಸುವುದಕ್ಕೆ ನನ್ನ ಸ್ಪಷ್ಟ ಆಕ್ಷೇಪವಿದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ತನ್ನ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ಆಭ್ಯಂತರ ತಪಸ್ಸುಗಳಲ್ಲಿ ಸೇರಿಸಿ, ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದುವುದು, ಸಂಶಯವನ್ನು ಕೇಳುವುದು, ಮನನ ಮಾಡುವುದು, ಉಚ್ಚಾರಶುದ್ಧಿಯಿಂದ ಮತ್ತೆ ಮತ್ತೆ ಪಠಿಸುವುದು. ಇವೆಲ್ಲ ಮುಗಿದ ಮೇಲೆ ಉಪದೇಶ. ನಮ್ಮ ವೆಬಿನಾರು ಐದನೆಯದರಿಂದಲೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ.

ಹಾಗೆಂದು, ದೂರದಿಂದ ಹಳಗನ್ನಡ ಕಲಿಸಲಾಗದು, ಗುರುವಿನ ಎದುರೇ ಕುಳಿತಿರಬೇಕು ಎನ್ನುವ ಹಿರಿಯರ ವಾದವನ್ನೂ ನಾನು ಒಪ್ಪಲಾರೆ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿಗಳಿದ್ದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಅದರ ಮೊದಲ ಸಂಪುಟವನ್ನು 1939ರಲ್ಲಿ ಹೊರತಂದ ಹೀರಾಲಾಲ್ ಜೈನ್ ಅವರಿದ್ದದ್ದು ಅಮರಾವತಿಯಲ್ಲಿ. ಆ ಕಾರ್ಯದಲ್ಲಿ ನೆರವಾದ ಆ.ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಅಧ್ಯಾಪಕರು. ಊರುಗಳ ನಡುವಿನ ದೂರ ಹದಿನಾರು ಸಂಪುಟಗಳನ್ನು ತಡೆಯಲಿಲ್ಲ. ಅವರಿಗಿದ್ದದ್ದು ಅಂಚೆ, ನಮಗಿರುವುದು ಎದುರಿಗೆ ಮುಖ ತೋರಿಸುವ ಯಂತ್ರ.

ಆ ಯಂತ್ರದ ಮುಂದೆ ಏಳೆಂಟು ಮಂದಿ, ಒಂದೇ ಪುಟ, ಎರಡೇ ಕಂದಪದ್ಯಗಳೊಂದಿಗೆ ಕುಳಿತು ನೋಡಿ. ಒಬ್ಬ ವಿದ್ಯಾರ್ಥಿ ಓದಲಿ, ಇನ್ನೊಬ್ಬಳು ಸಂಧಿ ಬಿಡಿಸಲಿ, ಮತ್ತೊಬ್ಬ ಎಲ್ಲರಿಗೂ ಕಾಣುವಂತೆ ಪ್ರಸ್ತಾರ ಹಾಕಲಿ. ಕಂದಕ್ಕೆ ಒಟ್ಟು 64 ಮಾತ್ರೆ. ಪೂರ್ವಾರ್ಧ, ಉತ್ತರಾರ್ಧಗಳೆರಡರಲ್ಲಿಯೂ ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಬೇಕು. ಲೆಕ್ಕ ತಪ್ಪಿತೆಂದರೆ ಓದು ತಪ್ಪಿರಬೇಕು, ಇಲ್ಲವೇ ಪಾಠವೇ ಕೆಟ್ಟಿರಬೇಕು. ಯಾವುದು ಎಂಬ ಜಗಳ ಅಲ್ಲಿ ಹುಟ್ಟುತ್ತದೆ. ಆ ಜಗಳದಲ್ಲಿ ಅಧ್ಯಾಪಕನಿಗೂ ಉತ್ತರ ಮೊದಲೇ ಗೊತ್ತಿರಬೇಕಾಗಿಲ್ಲ. ಪೃಚ್ಛನೆ ಎಂದರೆ ಇದು. ಆಮ್ನಾಯವೊಂದು ಮಾತ್ರ ಇಲ್ಲಿ ಕುಂಟುತ್ತದೆ: ಧ್ವನಿ ತಲುಪುವುದು ಕ್ಷಣ ತಡವಾಗುವುದರಿಂದ ಎಲ್ಲರೂ ಒಟ್ಟಾಗಿ ಪಠಿಸಿದರೆ ಗದ್ದಲವೇ ಹೊರತು ಪದ್ಯ ಕೇಳುವುದಿಲ್ಲ. ಒಬ್ಬೊಬ್ಬರೇ ಓದಬೇಕು. ರೞ, ಶಕಟರೇಫಗಳನ್ನು ಯಾರು ನುಂಗಿದರೆಂಬುದು ಆಗಲೇ ತಿಳಿಯುವುದು; ಇನ್ನೂರು ಮಂದಿಯ ಸಭೆಯಲ್ಲಿ ಇದು ಅಸಾಧ್ಯ.

ಭದ್ರಾ ಅಣೆಕಟ್ಟೆಯ ಸಮೀಪ ಶಂಕರಘಟ್ಟದ ವಿಶ್ವವಿದ್ಯಾಲಯ, ಹಿನ್ನೀರಿನ ಅಂಚಿನಲ್ಲಿ ನರಸಿಂಹರಾಜಪುರ. ಇಲ್ಲಿಂದ ಕೊಪ್ಪ, ಶೃಂಗೇರಿಯ ಕಡೆ ಹೋದಂತೆ ಮಳೆಗಾಲದಲ್ಲಿ ವಿದ್ಯುತ್ತಿಗೂ ನೆಟ್‌ವರ್ಕಿಗೂ ಭರವಸೆಯಿಲ್ಲ. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಬಂದ ಮರುವರ್ಷವೇ, 2021ರ ಮೇ ತಿಂಗಳಿನಲ್ಲಿ, ಶೇ 40ರಷ್ಟು ಪಾಠವನ್ನು ಆನ್‌ಲೈನಿನಲ್ಲಿ ನಡೆಸಬಹುದೆಂಬ ಯುಜಿಸಿಯ ಕರಡು ಬಂತು. ಪಾಠ ಎಂದರೆ ಭಾಷಣ ಎಂದುಕೊಂಡವರಿಗೆ ಮಾತ್ರ ಇಂಥ ಶೇಕಡಾವಾರು ಹೊಳೆಯುತ್ತದೆ. ಗುಡ್ಡ ಹತ್ತಿದ ಆ ಹುಡುಗಿಗೆ ಅಧ್ಯಾಪಕನ ಮುಖದರ್ಶನ ಬೇಕಾಗಿಲ್ಲ. ಪದ್ಯದ ಪುಟವನ್ನು ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಕಳುಹಿಸಿ, ಕ್ಯಾಮೆರಾ ಆರಿಸಿ, ಧ್ವನಿಯಲ್ಲಷ್ಟೇ ಸೇರಿಸಿಕೊಳ್ಳಿ. ಮೊದಲ ಓದು ಅವಳದೇ ಆಗಲಿ. ಪ್ರಮಾಣಪತ್ರ ಕೊಡಲೇಬೇಕೆಂದಿದ್ದರೆ, ಕೇಳಿಸಿಕೊಂಡವರಿಗೆ ಬೇಡ, ಪ್ರಶ್ನೆ ಕೇಳಿದವರಿಗೆ ಕೊಡಿ. ಅವರು ಕೇಳಿದ ಪ್ರಶ್ನೆಯನ್ನೂ ಅದರಲ್ಲಿಯೇ ಮುದ್ರಿಸಿ.