ಆ ಆರು ಗಂಟೆ ಎಲ್ಲಿ ಕಳೆದವು?

ರಬಕವಿ-ಬನಹಟ್ಟಿಯಿಂದ ಜಮಖಂಡಿಗೆ ಗಾಡಿಯ ಮೇಲೆ ಅರ್ಧ ಗಂಟೆಯ ದಾರಿ. ಬೀಳಗಿಯಿಂದ ಬಾಗಲಕೋಟೆಗೆ ಮುಕ್ಕಾಲು ಗಂಟೆ. ಮುಧೋಳದ ಸುತ್ತಲಿನ ಹಳ್ಳಿಗಳಿಂದ ಮುಧೋಳಕ್ಕೂ ಹೆಚ್ಚುಕಡಿಮೆ ಅಷ್ಟೇ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಅಡ್ಡ ಬಂದರೂ ಒಂದು ಗಂಟೆ ಎನ್ನಿ. ಹೀಗಿರುವಾಗ ಎದೆ ಹಿಡಿದುಕೊಂಡ ಮನುಷ್ಯ ದವಾಖಾನೆ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೇಗೆ ಹೋಗಿರುತ್ತದೆ?

ಇದು ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಪಾಡಷ್ಟೇ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಿಂದ 20 ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನೋವು ಶುರುವಾದ ಗಳಿಗೆಯಿಂದ ಆಸ್ಪತ್ರೆಯ ಬಾಗಿಲಿಗೆ ಬರುವವರೆಗೆ ಹಿಡಿದ ಮಧ್ಯಮ ಅವಧಿ 360 ನಿಮಿಷ. ಅಂದರೆ ಅರ್ಧದಷ್ಟು ಮಂದಿ ಬಂದದ್ದು ಆರು ಗಂಟೆ ಕಳೆದ ಮೇಲೆ. ಬಾಗಿಲು ದಾಟಿ ಒಳಗೆ ಬಂದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಿಗಲು ಹಿಡಿದದ್ದು 50 ನಿಮಿಷ. ಆಸ್ಪತ್ರೆಗಳ ಮೇಲೆ ನಮಗಿರುವ ಸಿಟ್ಟಿಗೆ ಕಾರಣಗಳುಂಟು, ಅದಕ್ಕೆ ಮುಂದೆ ಬರುತ್ತೇವೆ. ಆದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೊತ್ತು ಹೆಚ್ಚು ಹಾಳಾಗುವುದು ದವಾಖಾನೆಯಲ್ಲಲ್ಲ. ನಮ್ಮ ಊರುಗಳ ಮಟ್ಟಿಗೆ ದಾರಿಯಲ್ಲೂ ಅಲ್ಲ. ಮನೆಯಲ್ಲಿ.

ಆ ಹೊತ್ತು ಎಂಥದ್ದು ಎಂಬುದನ್ನೂ ವೈದ್ಯರು ಲೆಕ್ಕ ಹಾಕಿ ಇಟ್ಟಿದ್ದಾರೆ. ಹೆಪ್ಪು ಕರಗಿಸುವ ಔಷಧಗಳ ಬಗ್ಗೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೆದರ್ಲೆಂಡ್ಸಿನ ಸಂಶೋಧಕರು 1996ರಲ್ಲಿ ತೋರಿಸಿದ ಲೆಕ್ಕವಿದು: ಮೊದಲ ಗಂಟೆಯೊಳಗೆ ಔಷಧ ಸಿಕ್ಕರೆ ಸಾವಿರ ರೋಗಿಗಳಲ್ಲಿ ಹೆಚ್ಚುವರಿಯಾಗಿ 65 ಜೀವ ಉಳಿಯುತ್ತವೆ. ಎರಡನೇ ಗಂಟೆಯಲ್ಲಿ ಸಿಕ್ಕರೆ 37. ಮೂರನೆಯದರಲ್ಲಿ 26. ಮೊದಲ ಒಂದು ಗಂಟೆ ಜಾರಿದ್ದಕ್ಕೇ ಉಳಿಯಬಹುದಾದ ಜೀವಗಳಲ್ಲಿ ಹತ್ತಿರ ಹತ್ತಿರ ಅರ್ಧ ಕೈಬಿಟ್ಟಂತೆ. ಉಳಿದವರ ಹೃದಯದ ಸ್ನಾಯು ಎಷ್ಟು ಸತ್ತಿತು, ಮುಂದೆ ಅವರು ಹೊಲಕ್ಕೆ, ಮಗ್ಗಕ್ಕೆ ಮರಳುವಂತಾದರೋ ಇಲ್ಲವೋ ಎಂಬುದು ಈ ಲೆಕ್ಕದಲ್ಲಿ ಸೇರಿಲ್ಲ.

ಮನೆಯಲ್ಲಿ ಆ ಹೊತ್ತು ಹೇಗೆ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು. ರಾತ್ರಿ ಎರಡಕ್ಕೆ ಎದ್ದು ಕೂತವನು “ಎದಿ ಹಿಡದಾಂಗ ಆಗೇತಿ” ಅನ್ನುತ್ತಾನೆ. “ರಾತ್ರಿ ಉಂಡದ್ದು ಅರಗಿಲ್ಲ ಅನಸ್ತೈತ್ರಿ, ಗ್ಯಾಸ್ ಆಗಿರಬೇಕು” ಅನ್ನುತ್ತಾಳೆ ಹೆಂಡತಿ. ಜೀರಿಗೆ ನೀರು, ಸೋಡಾ, ಪೆಟ್ಟಿಗೆಯಲ್ಲಿ ಉಳಿದ ಯಾವುದೋ ಗುಳಿಗೆ. ಮೈ ಬೆವರಿದರೆ ಗಾಳಿ ಬೀಸುತ್ತಾರೆ, ವಾಂತಿಯಾದರೆ “ಹೊರಗ ಹೋತು, ಇನ್ನ ಹಗರಾಗತೈತಿ” ಅನ್ನುತ್ತಾರೆ. ತಮ್ಮನನ್ನು ಎಬ್ಬಿಸಬೇಕೆಂದರೆ ಅವನು ಬೆಳಗ್ಗೆ ಕಾರ್ಖಾನೆಯ ಪಾಳಿಗೆ ಹೋಗಬೇಕು. “ಬೆಳಕ ಹರೀಲಿ, ಹೋಗೂಣಂತ.” ಬೆಳಕು ಹರಿದ ಮೇಲೂ ಮೊದಲು ಹೋಗುವುದು ಓಣಿಯ ಸೂಜಿ ಡಾಕ್ಟರ ಹತ್ತಿರ. ಅಲ್ಲೊಂದು ನೋವಿನ ಇಂಜೆಕ್ಷನ್, ಒಂದು ಬಾಟಲಿ ಸಲಾಯಿನ್. ನೋವು ಒಂದಿಷ್ಟು ಕಡಿಮೆಯಾದಂತೆ ಅನಿಸಿ ಮತ್ತೆರಡು ಗಂಟೆ ಹೋಗುತ್ತವೆ. ಇವರಲ್ಲಿ ಯಾರೂ ಕೆಟ್ಟವರಲ್ಲ, ಕಾಳಜಿಯಿಲ್ಲದವರೂ ಅಲ್ಲ. ಪ್ರೀತಿಯಿಂದಲೇ ತಡಮಾಡುತ್ತಾರೆ. ಅದಕ್ಕೇ ಈ ಮಾತನ್ನು ಬಿಡಿಸಿ ಹೇಳಬೇಕಾಗಿದೆ.

ಗ್ಯಾಸ್ ಇರಲೂಬಹುದು. ಎದೆ ಉರಿಯುವವರಲ್ಲಿ ಬಹಳ ಮಂದಿಗೆ ಆಗಿರುವುದು ಗ್ಯಾಸೇ. ತೊಂದರೆ ಏನೆಂದರೆ, ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗಲೂ ನೋವು ಹಲವು ಸಲ ಮೇಲ್ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ, ವಾಕರಿಕೆ ಬರುತ್ತದೆ, ತೇಗು ಬಂದರೆ ಹಗುರಾದೀತು ಅನಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಣ್ಣುಮಕ್ಕಳಿಗೆ ಎದೆನೋವೇ ಇಲ್ಲದೆ ಬರೀ ಉಬ್ಬಸ, ಬೆವರು, ಸುಸ್ತು, ದವಡೆ ಅಥವಾ ಬೆನ್ನಿನ ಸೆಳೆತವಾಗಿ ಬರುವುದುಂಟು. ಎರಡಕ್ಕೂ ಇರುವ ವ್ಯತ್ಯಾಸ ಅಡುಗೆಮನೆಯಲ್ಲಿ ತಿಳಿಯುವಂಥದ್ದಲ್ಲ. ಎಂ.ಡಿ. ಮಾಡಿದ ವೈದ್ಯರೂ ಕೈಹಿಡಿದು ನೋಡಿ ಹೇಳಲಾರರು. ಅವರಿಗೂ ಇಸಿಜಿ ಬೇಕು. ಕೆಲವೊಮ್ಮೆ ಮೊದಲ ಇಸಿಜಿ ಸರಿಯಾಗಿಯೇ ಇದ್ದು, ಸ್ವಲ್ಪ ಹೊತ್ತು ಬಿಟ್ಟು ತೆಗೆದ ಎರಡನೆಯದರಲ್ಲಿ ಕಾಣುತ್ತದೆ. ಹತ್ತು ನಿಮಿಷದ ಆ ಪರೀಕ್ಷೆ ಮುಗಿಸಿ “ಏನೂ ಇಲ್ಲ, ಗ್ಯಾಸ್ ಅಷ್ಟ” ಎಂದು ಮನೆಗೆ ಮರಳಿದವರು ನಾಚಿಕೊಳ್ಳುವುದನ್ನು ನಾವು ನೋಡಿದ್ದೇವೆ. ನಾಚಿಕೆಯ ಮಾತೇ ಇಲ್ಲ. ಆ ಉತ್ತರ ಪಡೆಯಲೆಂದೇ ಹೋಗುವುದು.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿಗೆ ತೀರಿಕೊಂಡಾಗ ಈ ಭಾಗದ ಹಳ್ಳಿಹಳ್ಳಿಯಲ್ಲಿ ಫೋಟೊ ಇಟ್ಟು ಹೂವು ಹಾಕಿದೆವು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರ ನವೆಂಬರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಶುರುಮಾಡಿತು. ಅದರ ಕ್ರಮ ಸರಳ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆ ಕ್ಷಣವೇ ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಹೋಗುತ್ತದೆ. ಹೃದಯಾಘಾತವೆಂದು ಅವರು ಹೇಳಿದರೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಆಂಬುಲೆನ್ಸಿನಲ್ಲಿ ಮುಂದಕ್ಕೆ ಕಳಿಸುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧ ಅದು. ಆದರೆ ಬೆಳಕು ಹರಿಯಲೆಂದು ಕಾದು ಬಂದವನಿಗೆ ಅದರ ಬಲ ಅರ್ಧಕ್ಕಿಂತ ಕಡಿಮೆ.

ಕಳೆದ ವರ್ಷಗಳಲ್ಲಿ ಇದಕ್ಕೆ ತದ್ವಿರುದ್ಧವಾದ ದೃಶ್ಯವನ್ನೂ ಕಂಡೆವು. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಮೇಲಿಂದ ಮೇಲೆ ಹಠಾತ್ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಏನೂ ತೊಂದರೆಯಿಲ್ಲದವರು ಸಾಲುಗಟ್ಟಿ ನಿಂತರು. ಟಿವಿ ಹೆದರಿಸಿದಾಗ ಓಡುತ್ತೇವೆ, ನಮ್ಮ ಮೈಯೇ ಕರೆದು ಹೇಳಿದಾಗ ಸುಮ್ಮನಿರುತ್ತೇವೆ.

ನೋವಾದರೂ ಒಂದು ಹಂತಕ್ಕೆ ಮನುಷ್ಯನನ್ನು ಎಬ್ಬಿಸಿ ಕಳಿಸುತ್ತದೆ. ನೋಯದ ರೋಗಗಳ ವಿಷಯದಲ್ಲಿ ನಮ್ಮ ತಡ ಗಂಟೆಗಳದ್ದಲ್ಲ, ತಿಂಗಳುಗಳದ್ದು. ಬನಹಟ್ಟಿ, ರಬಕವಿಯ ಮಗ್ಗದ ಮನೆಗಳಲ್ಲಿ ಕೆಮ್ಮಿಗೆ ಕಾರಣ ಮೊದಲೇ ಸಿದ್ಧವಿರುತ್ತದೆ: ನೂಲಿನ ಧೂಳು. ಧೂಳು ನಿಜ, ಅದರಿಂದ ಶ್ವಾಸಕೋಶ ಕೆಡುವುದೂ ನಿಜ. ಆದರೆ ಎರಡು ವಾರ ದಾಟಿದ ಕೆಮ್ಮು, ಸಂಜೆಯಾದರೆ ಜ್ವರ, ಇಳಿಯುತ್ತಿರುವ ತೂಕ ಇವು ಕ್ಷಯವಿರಬಹುದು. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಔಷಧ ಉಚಿತ, ಚಿಕಿತ್ಸೆ ನಡೆಯುವಷ್ಟು ದಿನ ಆಹಾರಕ್ಕೆಂದು ತಿಂಗಳಿಗೆ ಸಾವಿರ ರೂಪಾಯಿ ಖಾತೆಗೆ ಬರುತ್ತದೆ. ಕಾಯುವ ಒಂದೊಂದು ವಾರವೂ ಅದೇ ಕೋಣೆಯಲ್ಲಿ ಕಂಡಿಕೆ ಸುತ್ತುವ ಹೆಂಡತಿಗೆ, ಪಕ್ಕದಲ್ಲೇ ಮಲಗುವ ಮಕ್ಕಳಿಗೆ ರೋಗವನ್ನು ದಾಟಿಸುತ್ತದೆ. ತಂಬಾಕು, ಗುಟ್ಕಾ ಹಾಕುವವರ ಬಾಯಿಯಲ್ಲಿ ಮಾಯದ ಹುಣ್ಣು, ಬಿಳಿ ಮಚ್ಚೆ, ಅಗಲಿಸಲಾಗದ ದವಡೆ. ಹೆಣ್ಣುಮಕ್ಕಳ ಎದೆಯಲ್ಲಿ ಕೈಗೆ ಸಿಕ್ಕ ಗಂಟು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕಂಡ ರಕ್ತ. “ನೋವೇನ ಇಲ್ಲ, ಅದಕ್ಕ ಬಿಟ್ಟೀನ್ರಿ” ಎಂಬ ಮಾತು ಕೇಳದ ವೈದ್ಯರು ಈ ಭಾಗದಲ್ಲಿ ಯಾರೂ ಇರಲಾರರು. ಕ್ಯಾನ್ಸರ್ ಮೊದಮೊದಲು ಹೆಚ್ಚಾಗಿ ನೋಯುವುದೇ ಇಲ್ಲ.

ಹೆಣ್ಣುಮಕ್ಕಳ ಕತೆ ಬೇರೆಯಾಗಿಯೇ ಹೇಳಬೇಕು. ಮನೆಯಲ್ಲಿ ಎಲ್ಲರಿಗೂ ದವಾಖಾನೆ ತೋರಿಸಿದ ಮೇಲೆ ಅವಳ ಸರದಿ. ಹೇಳಿಕೊಳ್ಳಲು ನಾಚಿಕೆ, ಕರೆದೊಯ್ಯಲು ಯಾರಿಗೂ ಪುರುಸೊತ್ತಿಲ್ಲ. ಹೀಗೆ ವರ್ಷಗಟ್ಟಲೆ ಬಿಟ್ಟ ಬಿಳಿಸೆರಗು, ಕಿಬ್ಬೊಟ್ಟೆ ನೋವು ಕೊನೆಗೆ ಯಾರೋ ಒಬ್ಬ ಡಾಕ್ಟರ ಮೇಜಿನ ಮುಂದೆ “ಚೀಲ ತೆಗಸಿ ಬಿಡ್ರಿ” ಎಂಬಲ್ಲಿಗೆ ಮುಗಿಯುತ್ತದೆ. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ 13 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಗರ್ಭಕೋಶ ತೆಗೆಸಿಕೊಂಡಿದ್ದು 2019ರ ಸರ್ಕಾರಿ ಸಮೀಕ್ಷೆಯಲ್ಲಿ ಬಯಲಾಯಿತು. ಅಂಥ ಕಬ್ಬು ಕಡಿಯುವವರ ಟೋಳಿಗಳು ಹಂಗಾಮಿನಲ್ಲಿ ನಮ್ಮ ಹೊಲಗಳಲ್ಲೂ ಗುಡಿಸಲು ಹಾಕುತ್ತವೆ.

ಕಬ್ಬಿನ ಹೊಲದ ಇನ್ನೊಂದು ಅಪಾಯಕ್ಕೆ ಗಂಟೆಗಳ ಅವಕಾಶವೂ ಇಲ್ಲ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ನೀರು ಹಾಯಿಸಬೇಕು, ಬರಿಗಾಲಲ್ಲಿ ಬದುವಿನ ಮೇಲೆ ನಡೆಯಬೇಕು. ಹಾವು ಕಡಿದರೆ ಬೇವಿನ ಎಲೆ ತಿನ್ನಿಸಿ ಕಹಿ ಹತ್ತುತ್ತದೋ ನೋಡುವುದು, ಮಂತ್ರ ಹಾಕಿಸುವುದು, ಹಗ್ಗದಿಂದ ಬಿಗಿದು ಕಟ್ಟುವುದು ಇನ್ನೂ ನಿಂತಿಲ್ಲ. ಕಟ್ಟುಹಾವಿನ ಕಡಿತ ಹಲವು ಸಲ ನೋಯುವುದೂ ಇಲ್ಲ, ಊದುವುದೂ ಇಲ್ಲ. ರೆಪ್ಪೆ ಜೋಲತೊಡಗಿದಾಗ ಉಸಿರಾಟಕ್ಕೆ ಕುತ್ತು ಬಂದಾಗಿರುತ್ತದೆ. ವಿಷ ಇಳಿಸುವ ಔಷಧ ದವಾಖಾನೆಯಲ್ಲಿದೆ, ಬೇರೆಲ್ಲೂ ಇಲ್ಲ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಘೋಷಿಸಿತು, ಒಳ್ಳೆಯ ಹೆಜ್ಜೆ.

ಇಷ್ಟೆಲ್ಲ ಹೇಳಿ ತಪ್ಪನ್ನು ರೋಗಿಯ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ಸೀರೆಗೆ ಇಷ್ಟೆಂದು ಕೂಲಿ ಪಡೆಯುವ ನೇಕಾರನಿಗೆ ದವಾಖಾನೆಯ ಒಂದು ದಿನವೆಂದರೆ ಕೂಲಿಯಿಲ್ಲದ ಒಂದು ದಿನ. ಸಣ್ಣ ಮಗ್ಗದ ಮನೆಗಳಿಗೆ ಇಎಸ್‌ಐ ಇಲ್ಲ. ಲ್ಯಾನ್ಸೆಟ್‌ನ ಅದೇ ಅಧ್ಯಯನದಲ್ಲಿ ಮೂವತ್ತು ದಿನದೊಳಗೆ ಸತ್ತವರು ಉಳ್ಳವರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2, ಬಡವರಿಗೆ ಸಿಕ್ಕ ಚಿಕಿತ್ಸೆಯೇ ಕಡಿಮೆಯಿತ್ತು. ಸರ್ಕಾರಿ ದವಾಖಾನೆಗೆ ಹೋದರೆ ಡಾಕ್ಟರು ಇರುತ್ತಾರೋ ಇಲ್ಲವೋ, ಇದ್ದರೂ ಚೀಟಿ ಬರೆದು ಮುಂದಕ್ಕೆ ಸಾಗಹಾಕುತ್ತಾರೇನೋ ಎಂಬ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಜಮಖಂಡಿ ಸೀಮೆಯ ಹಿರಿಯರಿಗೆ ದೊಡ್ಡ ದವಾಖಾನೆ ಅಂದರೆ ಮಿರಜ. ಡಾ. ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಾಗಿನಿಂದ ಈ ಭಾಗದ ರೋಗಿಗಳು ಅತ್ತ ಹೋಗುತ್ತ ಬಂದಿದ್ದಾರೆ. “ಕಡೀಕ ಮಿರಜಕ್ಕ ಒಯ್ದ್ರು” ಎಂಬ ಮಾತಿನಲ್ಲಿರುವ ಆ ‘ಕಡೀಕ’ ಇಲ್ಲಿನ ದವಾಖಾನೆಗಳು ಕಳೆದುಕೊಂಡ ನಂಬಿಕೆಯ ಲೆಕ್ಕವೂ ಹೌದು.

ನಂಬಿಕೆ ಮರಳಿ ಬರುತ್ತದೆ ಎಂಬುದಕ್ಕೆ ಈ ಜಿಲ್ಲೆಯೇ ಸಾಕ್ಷಿ. 2003ರಲ್ಲಿ ಬಾಗಲಕೋಟೆ ಜಿಲ್ಲೆಯ ವಯಸ್ಕರ ನಡುವೆ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್‌ಐವಿ ಕಂಡಿತ್ತು. ಆಗ ಅದು ಹೆಸರೆತ್ತಲೂ ಹೆದರುವ ರೋಗ. ಪರೀಕ್ಷೆ ಊರ ಹತ್ತಿರ ಬಂತು, ಗುಟ್ಟು ಕಾಪಾಡುವ ಆಪ್ತಸಮಾಲೋಚಕರು ಬಂದರು, 2004ರಿಂದ ದೇಶದಲ್ಲಿ ಗುಳಿಗೆ ಉಚಿತವಾಗಿ ಸಿಗತೊಡಗಿತು. ಅಷ್ಟು ಅವಮಾನ ಅಂಟಿದ್ದ ರೋಗಕ್ಕೇ ಜನ ತಾವಾಗಿ ಬಂದು ತೋರಿಸಿಕೊಂಡರು ಅಂದಮೇಲೆ ಎದೆನೋವಿಗೆ, ಕೆಮ್ಮಿಗೆ ಬರಲಾರರೇ?

ಆದ್ದರಿಂದ ನಮ್ಮ ಕೇಳಿಕೆ ಮೂರು ಕಡೆಗಿದೆ. ಮನೆಯವರಿಗೆ: ಎದೆ ಬಿಗಿತ, ಉಬ್ಬಸ, ತಣ್ಣನೆಯ ಬೆವರು, ಒಂದು ಕಡೆಗೆ ವಾಲಿದ ಬಾಯಿ, ಸೋತ ಕೈ, ತೊದಲಿದ ಮಾತು, ಹಾವಿನ ಕಡಿತ, ಇವುಗಳಲ್ಲಿ ಯಾವುದಾದರೂ ಸರಿ, ಗಡಿಯಾರ ನೋಡಿ, ಶುರುವಾದ ಸಮಯ ನೆನಪಿಟ್ಟುಕೊಂಡು, 108ಕ್ಕೆ ಫೋನ್ ಮಾಡಿ. ಲಕ್ವದ ಇಂಜೆಕ್ಷನ್ನಿಗೆ ಇರುವ ಅವಧಿ ನಾಲ್ಕೂವರೆ ಗಂಟೆ, ಅದರೊಳಗೆ ತಲೆಯ ಸಿಟಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯಿದೆ, ತುರ್ತು ಸಂದರ್ಭದಲ್ಲಿ ಯಾರ ಶಿಫಾರಸು ಪತ್ರವೂ ಬೇಕಿಲ್ಲ. ದುಡ್ಡು ಹೊಂದಿಸಿಕೊಂಡು ಹೋಗೋಣ ಎಂದು ಕೂರಬೇಡಿ.

ಕಾರ್ಖಾನೆಯವರಿಗೆ, ಮಗ್ಗದ ಮಾಲೀಕರಿಗೆ: ದುಡಿಯುವವನು “ಯಾಕೋ ಆರಾಮ ಇಲ್ರಿ” ಅಂದ ದಿನ ಅವನನ್ನು ಬಿಡಿ, ಆ ದಿನದ ಕೂಲಿ ಹಿಡಿಯಬೇಡಿ. ಹಂಗಾಮು ಶುರುವಾಗುವ ಮುನ್ನ ಕಾರ್ಖಾನೆಗಳು ಕಬ್ಬು ಕಡಿಯುವ ಪ್ರತಿ ಟೋಳಿಯ ಬಿಪಿ, ಸಕ್ಕರೆ, ಕಫ ಪರೀಕ್ಷೆ ಮಾಡಿಸಲಿ. ಹೆಣ್ಣುಮಕ್ಕಳಿಗೆ ಮಹಿಳಾ ವೈದ್ಯರು ಬರಲಿ. ಲಕ್ಷಾಂತರ ಟನ್ ಕಬ್ಬು ನುರಿಸುವವರಿಗೆ ಇದು ದೊಡ್ಡ ಖರ್ಚಲ್ಲ.

ಆರೋಗ್ಯ ಇಲಾಖೆಗೆ: ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆಯುವ ಕೈ ಇರಬೇಕು. ಟೆನೆಕ್ಟೆಪ್ಲೇಸ್, ಹಾವಿನ ವಿಷದ ಔಷಧ ಆ ದಿನ ಎಷ್ಟು ದಾಸ್ತಾನಿದೆ, ರಾತ್ರಿ ಪಾಳಿಯ ವೈದ್ಯರು ಯಾರು ಎಂಬುದನ್ನು ಆಸ್ಪತ್ರೆಯ ಹೊರಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ದಿನವೂ ಬರೆಯಬೇಕು.