ಲಿಂಕ್ ಇದ್ದ ಮಾತ್ರಕ್ಕೆ ಸಂದೇಶ ನಿಜವಾಗುತ್ತದೆಯೇ? ಉಲ್ಲೇಖ ಹುಡುಕಿಕೊಡುವ ಸಾಧನದ ಒಳಗುಟ್ಟು

ಲಸಿಕೆ ಹಾಕಿಸಿದರೆ ಮಗುವಿಗೆ ಆಟಿಸಂ ಬರುತ್ತದೆ ಎಂಬ ವಾಟ್ಸಾಪ್ ಸಂದೇಶ ನಿಮಗೂ ಒಮ್ಮೆಯಾದರೂ ಬಂದಿರಬಹುದು. ಲೊಕ್ಕನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನಿಗೂ ಬಂತು. ಅದೂ ಮಗುವಿಗೆ ಒಂಬತ್ತು ತಿಂಗಳು ತುಂಬಿ, ದಡಾರ-ರುಬೆಲ್ಲಾ ಲಸಿಕೆ ಹಾಕಿಸಬೇಕಾಗಿದ್ದ ವಾರದಲ್ಲೇ. ಸುಳ್ಳು ಸುದ್ದಿ ಅಕ್ಕ ಎಂದೆ. "ಲಿಂಕೇ ಅದಲ್ಲ, ಸುಳ್ಳು ಹೆಂಗಾದದು?" ಎಂದು ಕೇಳಿದರು.

ಲಿಂಕ್ ನಿಜವಾದದ್ದೇ. ಒತ್ತಿದರೆ 'ಲ್ಯಾನ್ಸೆಟ್' ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯ ಪುಟ ತೆರೆದುಕೊಳ್ಳುತ್ತದೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ಇಟ್ಟುಕೊಂಡು ಬರೆದ ಪ್ರಬಂಧ ಅದು. ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಆದರೆ ಹೀಗೆ ಹಿಂಪಡೆದ ಪ್ರಬಂಧವನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ, ಗುರುತು ಹಾಕಿ ಅಲ್ಲೇ ಬಿಡುತ್ತಾರೆ. ಹಾಗಾಗಿ ಲಿಂಕ್ ಇಂದಿಗೂ ಕೆಲಸ ಮಾಡುತ್ತದೆ. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗಲೂ ಇಂಥ ಸಂದೇಶಗಳು ಬೇಕಾದಷ್ಟು ಓಡಾಡಿದ್ದವು.

ಒಂದು ಲಿಂಕನ್ನು ಕೈಯಲ್ಲೇ ಪರಿಶೀಲಿಸಬಹುದು. ನೂರಾರು ಲಿಂಕ್ ಇದ್ದರೆ? ಆಗ ಕಂಪ್ಯೂಟರ್ ಬೇಕು. ಲಿಂಕ್ ಕೊಟ್ಟರೆ ಲೇಖಕ, ಶೀರ್ಷಿಕೆ, ಪತ್ರಿಕೆ, ದಿನಾಂಕ, ಗುರುತುಸಂಖ್ಯೆಗಳನ್ನು ತೆಗೆದುಕೊಡುವ ಸಾಧನಗಳಿವೆ. ಈ ವಿವರಗಳಿಗೆ ಉಲ್ಲೇಖದ ಮೆಟಾಡೇಟಾ ಎನ್ನುತ್ತಾರೆ. ವಿಕಿಪೀಡಿಯದಲ್ಲಿ ಬರೆದವರಿಗೆ ಇದರ ಪರಿಚಯವಿರುತ್ತದೆ. ಉಲ್ಲೇಖದ ಬಟನ್ ಒತ್ತಿ ಲಿಂಕ್ ಅಂಟಿಸಿದರೆ ಸಾಲು ತಾನಾಗಿ ಸಿದ್ಧವಾಗುತ್ತದೆ. ಅದರ ಹಿಂದೆ ಕೆಲಸ ಮಾಡುವುದು ಸಿಟಾಯ್ಡ್ ಎಂಬ ತಂತ್ರಾಂಶ.

ಸಿಟಾಯ್ಡ್ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಕೊಟ್ಟದ್ದು ಡಿಒಐ ಅಥವಾ ಐಎಸ್‌ಬಿಎನ್ ಸಂಖ್ಯೆಯಾದರೆ ಅದರ ದಾಖಲೆ ಇರುವ ಕಡೆ ಕೇಳುತ್ತದೆ. ಜಾಲತಾಣದ ವಿಳಾಸವಾದರೆ ಜೊಟೆರೊದ ಸಹಾಯ ಪಡೆಯುತ್ತದೆ. ಜೊಟೆರೊ 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ, ಫೈರ್‌ಫಾಕ್ಸ್ ಬ್ರೌಸರಿನೊಳಗೆ ಕೂರುವ ಸಾಧನವಾಗಿ ಹುಟ್ಟಿತು. ಯಾವ ಜಾಲತಾಣದಲ್ಲಿ ಲೇಖಕರ ಹೆಸರು ಎಲ್ಲಿರುತ್ತದೆ ಎಂದು ತಿಳಿದ ನೂರಾರು ಸಣ್ಣ ಪ್ರೋಗ್ರಾಂಗಳು ಅದರಲ್ಲಿವೆ. ಬ್ರೌಸರ್ ಇಲ್ಲದೆ ಅವನ್ನು ಓಡಿಸಲು ಮಾಡಿದ ಸರ್ವರ್ ಕೂಡ ಮೊದಮೊದಲು ಫೈರ್‌ಫಾಕ್ಸಿನ ಒಳಭಾಗಗಳನ್ನೇ ಹೊತ್ತು ತಿರುಗುತ್ತಿತ್ತು. 2018ರಲ್ಲಿ ಅದನ್ನು ನೋಡ್ ಜೆಎಸ್‌ನಲ್ಲಿ ಹೊಸದಾಗಿ ಬರೆದ ಮೇಲೆ ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಸುಲಭವಾಗಿ ನಡೆಸುವಂತಾಯಿತು. ಸಿಟಾಯ್ಡನ್ನೂ ಅಷ್ಟೇ, ವಿಕಿಪೀಡಿಯ ತೆರೆಯದೆ ನೇರವಾಗಿ ಒಂದು ವಿಳಾಸದ ಮೂಲಕ ಕೇಳಬಹುದು. ಉತ್ತರ ಜೇಸನ್ ರೂಪದಲ್ಲಿ ಬರುತ್ತದೆ.

ಇಷ್ಟಾದರೆ ಮುಗಿಯಿತು ಎಂದುಕೊಳ್ಳಬೇಡಿ. ಸಂಪಾದಕದ ಒಳಗಿದ್ದಾಗ ಸಾಧನದ ತಪ್ಪನ್ನು ನೋಡಲು ಒಬ್ಬ ಮನುಷ್ಯ ಇರುತ್ತಾನೆ. ಜಾಲತಾಣವೊಂದು ಬಾಗಿಲು ಹಾಕಿಕೊಂಡು 'ಆಕ್ಸೆಸ್ ಡಿನೈಡ್' ಎಂದರೆ ಅದೇ ಲೇಖನದ ಶೀರ್ಷಿಕೆಯಾಗಿ ಬಂದುಬಿಡಬಹುದು. ಬರೆಯುವವರು ನಕ್ಕು ಅಳಿಸುತ್ತಾರೆ. ಪ್ರೋಗ್ರಾಂ ನಗುವುದಿಲ್ಲ, ಹಾಗೆಯೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ಪ್ರೋಗ್ರಾಮರ್‌ಗಳಿಗೆಂದು ಬಿಡುವ ಸಾಧನ ಸೋತಾಗ ಸೋತೆ ಎಂದು ಸ್ಪಷ್ಟವಾಗಿ ಹೇಳಬೇಕು. ವಿವರ ಎಲ್ಲಿಂದ ಬಂತು ಎಂದೂ ಹೇಳಬೇಕು. ಸಿಟಾಯ್ಡ್ ಉತ್ತರದಲ್ಲಿ ಮೂಲವನ್ನು ತಿಳಿಸುವ ಒಂದು ಸಾಲು ಇರುತ್ತದೆ. ನನ್ನ ಮಟ್ಟಿಗೆ ಇಡೀ ಉತ್ತರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲು ಅದೇ.

ಹೆಸರಿನ ಕಥೆ ಬೇರೆಯೇ ಇದೆ. ಇಂಥ ಸಾಧನಗಳು ಸಾಮಾನ್ಯವಾಗಿ ಹೆಸರನ್ನು ಎರಡು ತುಂಡು ಮಾಡುತ್ತವೆ: ಕೊಟ್ಟ ಹೆಸರು, ಮನೆತನದ ಹೆಸರು. ನಮ್ಮ ಕಡೆ ಇನಿಶಿಯಲ್ ಎಂದರೆ ಊರು, ಅಪ್ಪನ ಹೆಸರು. ಕೆ.ವಿ. ಪುಟ್ಟಪ್ಪ ಎಂಬಲ್ಲಿ ಪುಟ್ಟಪ್ಪ ಮನೆತನದ ಹೆಸರಲ್ಲ; ಕುವೆಂಪು ಎಂದು ಬರೆದರಂತೂ ಸೀಳಲು ಏನೂ ಉಳಿಯುವುದಿಲ್ಲ. ಲೊಕ್ಕನಹಳ್ಳಿಗೆ ಹತ್ತಿರದ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ವಸತಿ ಇದೆ. ಅವರಲ್ಲಿ ಬಹಳ ಮಂದಿಗೆ ಮನೆತನದ ಹೆಸರೇ ಇರುವುದಿಲ್ಲ, ಎರಡೂ ಪದ ಕೊಟ್ಟ ಹೆಸರೇ. ಹೆಸರನ್ನು ಒಡೆಯದೆ ಒಂದೇ ಖಾನೆಯಲ್ಲಿ ಇಡುವ ಅವಕಾಶ ಜೊಟೆರೊದಲ್ಲಿದೆ, ಆದರೆ ತಾನಾಗಿ ತುಂಬುವಾಗ ಅದು ಬಳಕೆಯಾಗುವುದು ಕಡಿಮೆ. ನಾನು ಒಮ್ಮೆ ಕನ್ನಡ ಸುದ್ದಿಯೊಂದರ ಲಿಂಕ್ ಕೊಟ್ಟಾಗ ಲೇಖಕರ ಮನೆತನದ ಹೆಸರು 'ವಾರ್ತೆ' ಎಂದು ಬಂದಿತ್ತು!

ಬಟನ್ನಿನ ಹಿಂದೆ ಅಡಗಿರುವ ತನಕ ಇಂಥ ತಪ್ಪನ್ನು ಪ್ರತಿಯೊಬ್ಬರೂ ತಮ್ಮತಮ್ಮ ಪುಟದಲ್ಲಿ ತಿದ್ದಿಕೊಂಡು ಸುಮ್ಮನಾಗುತ್ತಾರೆ. ನೇರವಾಗಿ ಬಳಸಲು ಬಂದರೆ ಒಬ್ಬರು ಇನ್ನೂರು ಕನ್ನಡ ಲಿಂಕ್‌ಗಳನ್ನು ಒಟ್ಟಿಗೆ ಓಡಿಸಿ, ಎಲ್ಲಿ ಎಡವುತ್ತದೆಂದು ಕಂಡು, ಆ ಜಾಲತಾಣದ ಸಣ್ಣ ಪ್ರೋಗ್ರಾಂ ತಿದ್ದಬಹುದು. ಮೂಲ ಕೋಡ್ ಮುಕ್ತವಾಗಿರುವುದರಿಂದ ಆ ತಿದ್ದುಪಡಿ ಎಲ್ಲರಿಗೂ ಸಿಗುತ್ತದೆ.

ಇನ್ನು ಲಸಿಕೆಯ ವಿಷಯಕ್ಕೆ ಬರೋಣ. ಪ್ರಬಂಧದ ಲೇಖಕ, ಪತ್ರಿಕೆ, ವರ್ಷ ಎಲ್ಲವೂ ಸರಿಯಾಗಿ ಬಂದರೂ ಉಲ್ಲೇಖದ ಸಾಲು ಮೋಸ ಮಾಡಬಹುದು, ಏಕೆಂದರೆ ಹಿಂಪಡೆದ ಸಂಗತಿ ಅದರಲ್ಲಿ ಇರಲೇಬೇಕೆಂದಿಲ್ಲ. ಹಿಂಪಡೆದ ಪ್ರಬಂಧಗಳ ಪಟ್ಟಿಯನ್ನು ರಿಟ್ರಾಕ್ಷನ್ ವಾಚ್ ವರ್ಷಗಟ್ಟಲೆ ಕೂಡಿಸಿಟ್ಟಿತ್ತು. 2023ರಲ್ಲಿ ಕ್ರಾಸ್‌ರೆಫ್ ಸಂಸ್ಥೆ ಅದನ್ನು ಕೊಂಡು ಎಲ್ಲರಿಗೂ ತೆರೆದಿಟ್ಟಿತು. ಈಗ ಲಿಂಕಿನಿಂದ ಡಿಒಐ ತೆಗೆದು ಆ ಪಟ್ಟಿಯೊಂದಿಗೆ ತಾಳೆ ನೋಡುವುದು ಕೆಲವೇ ಸಾಲುಗಳ ಪ್ರೋಗ್ರಾಂ. ಆರೋಗ್ಯದ ಬಗ್ಗೆ ಬರೆಯುವ ಯಾವ ಜಾಲತಾಣವೂ ಹಳೆಯ ಲೇಖನಗಳನ್ನೆಲ್ಲ ಹೀಗೆ ಸೋಸಿಕೊಳ್ಳಬಹುದು. ವಿದ್ಯುನ್ಮಾನ ಗುರುತಿಲ್ಲದ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಕನ್ನಡ ಪಿಡಿಎಫ್‌ಗಳಿಗೆ ಮಾತ್ರ ಈಗಲೂ ಮನುಷ್ಯನ ಕಣ್ಣೇ ಗತಿ.

ಅಕ್ಕನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಪ್ರಬಂಧದ ಪಿಡಿಎಫ್ ತೆರೆದು, ಪುಟದ ಮೇಲೆ ಅಡ್ಡಲಾಗಿ ಕೆಂಪಕ್ಷರದಲ್ಲಿ ಒತ್ತಿದ್ದ ಪದ ತೋರಿಸಿ, ವಾಪಸ್ ತಗೊಂಡಿದ್ದಾರೆ ಅಂತ ಅರ್ಥ ಎಂದೆ. ಬೆರಳಲ್ಲಿ ಹಿಗ್ಗಿಸಿ ನೋಡಿದರು. "ಇದ ಯಾಕೆ ಮೆಸೇಜಲ್ಲಿ ಹಾಕಿಲ್ಲ?" ಎಂದರು. ಗುರುವಾರ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು.