ಕಾಗದದಲ್ಲಿ ಲೀಸ್, ಒಳಗೆ ಸಾಲ: ವಿಂಡ್‌ಸ್ಟ್ರೀಮ್ ಕೇಬಲ್ ಯಾರದ್ದು?

(1/3)

ಬೆಂಗಳೂರಲ್ಲಿ 'ಮನೆ ಲೀಸ್‌ಗೆ ಇದೆ' ಅನ್ನೋ ಬೋರ್ಡ್ ಎಲ್ಲರೂ ನೋಡಿರ್ತೀರ. ಹತ್ತು ಲಕ್ಷ ಕೊಡಿ, ಮೂರು ವರ್ಷ ಇರಿ, ತಿಂಗಳ ಬಾಡಿಗೆ ಇಲ್ಲ, ಖಾಲಿ ಮಾಡುವಾಗ ಹತ್ತು ಲಕ್ಷ ವಾಪಸ್. ಹೆಸರು ಲೀಸ್. ಆದ್ರೆ ನಡೀತಿರೋದು ಏನು? ಓನರ್ ನಿಮ್ಮಿಂದ ಸಾಲ ತಗೊಂಡಿದ್ದಾರೆ, ಬಡ್ಡಿಯ ಬದಲು ಮನೆಯಲ್ಲಿ ಇರೋಕೆ ಬಿಟ್ಟಿದ್ದಾರೆ. ಹಿಂದಿನವರು ಇದಕ್ಕೆ ಸರಿಯಾದ ಹೆಸರನ್ನೇ ಇಟ್ಟಿದ್ರು, ಭೋಗ್ಯ ಅಂತ. ಅದು ಅಡಮಾನದ ಒಂದು ಬಗೆ, ಬಾಡಿಗೆ ಅಲ್ಲ.

ಅಮೆರಿಕದಲ್ಲಿ ಒಂದು ಟೆಲಿಕಾಂ ಕಂಪನಿ ಇದೇ ಹೆಸರಿನ ಆಟ ಆಡಿ ದಿವಾಳಿಯಾಯ್ತು. ವಿಂಡ್‌ಸ್ಟ್ರೀಮ್ ಅಂತ. ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್ ಊರಿನದು, ಹಳ್ಳಿಗಳಿಗೆ, ಸಣ್ಣ ಊರುಗಳಿಗೆ ಫೋನ್, ಇಂಟರ್ನೆಟ್ ಕೊಡೋ ಕಂಪನಿ.

2015ರ ಏಪ್ರಿಲ್‌ನಲ್ಲಿ ಇವರು ತಮ್ಮ ಫೈಬರ್ ಕೇಬಲ್, ತಾಮ್ರದ ತಂತಿ, ಎಕ್ಸ್‌ಚೇಂಜ್ ಕಟ್ಟಡ ಬಹುಪಾಲು ಎಲ್ಲವನ್ನೂ ಒಂದು ಹೊಸ ಕಂಪನಿಗೆ ವರ್ಗ ಮಾಡಿದ್ರು. ಅದೇ ಈಗಿನ ಯೂನಿಟಿ. ಮರುಕ್ಷಣ ಅದೇ ಕೇಬಲ್ಲನ್ನ ವಾಪಸ್ ಬಾಡಿಗೆಗೆ ತಗೊಂಡ್ರು. 15 ವರ್ಷದ ಲೀಸ್, ವರ್ಷಕ್ಕೆ ಸುಮಾರು 65 ಕೋಟಿ ಡಾಲರ್.

ಯಾಕೆ ಅಂತೀರಾ? ತೆರಿಗೆ. ಯೂನಿಟಿ ಆಗ 'ರೀಟ್' ಆಗಿತ್ತು, ಅಂದ್ರೆ ಬಾಡಿಗೆ ಬರೋ ಆಸ್ತಿ ಇಟ್ಕೊಂಡು, ಲಾಭದ ಕನಿಷ್ಠ ಶೇ. 90ರಷ್ಟನ್ನ ಷೇರುದಾರರಿಗೆ ಹಂಚುವ ಕಂಪನಿ. ಹಂಚಿದ ಲಾಭಕ್ಕೆ ಕಂಪನಿ ಮಟ್ಟದಲ್ಲಿ ತೆರಿಗೆ ಇಲ್ಲ. ಈ ಕಡೆ ವಿಂಡ್‌ಸ್ಟ್ರೀಮ್ ಕಟ್ಟೋ ಬಾಡಿಗೆ ಖರ್ಚು ಅಂತ ತೋರಿಸಿ ಅಲ್ಲೂ ತೆರಿಗೆ ಕಮ್ಮಿ ಮಾಡ್ಕೊಳ್ಳಬಹುದು. ನೆಲದಡಿಯ ಕೇಬಲ್ ಒಂದಿಂಚೂ ಅಲ್ಲಾಡಿಲ್ಲ, ಗುಂಡಿ ತೋಡೋರು ಅದೇ ಜನ. ಬದಲಾದದ್ದು ಕಾಗದ ಮಾತ್ರ.

(2/3)

ಇಲ್ಲಿಂದ ಕಥೆ ಕೋರ್ಟಿಗೆ ಹೋಗತ್ತೆ. ಅದೂ ಎರಡು ಕೋರ್ಟಿಗೆ. ನನಗೆ ಸಿಟ್ಟು ಬಂದದ್ದು ಇಲ್ಲೇ.

ವಿಂಡ್‌ಸ್ಟ್ರೀಮ್ 2013ರಲ್ಲಿ ಬಾಂಡ್ ಮಾರಿ ಸಾಲ ಎತ್ತಿತ್ತು. ಆ ಬಾಂಡಿನ ಕರಾರಿನಲ್ಲಿ ಒಂದು ಷರತ್ತು: ಆಸ್ತಿಯನ್ನ ಬೇರೆಯವರಿಗೆ ಕೊಟ್ಟು, ಅದನ್ನೇ ವಾಪಸ್ ಬಾಡಿಗೆಗೆ ತಗೊಳ್ಳೋ ವ್ಯವಹಾರಕ್ಕೆ ನಿರ್ಬಂಧ. ಹಾಗಾದ್ರೆ 2015ರಲ್ಲಿ ಮಾಡಿದ್ದೇನು? ಅವರ ಉಪಾಯ ಹೀಗಿತ್ತು. ಬಾಂಡ್ ಕೊಟ್ಟದ್ದು ಮಗಳು ಕಂಪನಿ, ವಿಂಡ್‌ಸ್ಟ್ರೀಮ್ ಸರ್ವಿಸಸ್. ಲೀಸ್‌ಗೆ ಸಹಿ ಹಾಕಿದ್ದು ತಾಯಿ ಕಂಪನಿ, ವಿಂಡ್‌ಸ್ಟ್ರೀಮ್ ಹೋಲ್ಡಿಂಗ್ಸ್. 'ಬಾಡಿಗೆದಾರ ನಾನಲ್ಲ, ನಮ್ಮಮ್ಮ' ಅಂದ ಹಾಗೆ!

ಆರೀಲಿಯಸ್ ಅನ್ನೋ ಹೆಡ್ಜ್ ಫಂಡ್ ಆ ಬಾಂಡುಗಳನ್ನ ಕೊಂಡ್ಕೊಂಡು 2017ರಲ್ಲಿ ನೋಟಿಸ್ ಕೊಟ್ಟಿತು. (ಇವರೇನು ಸಮಾಜಸೇವಕರಲ್ಲ. ಕಂಪನಿ ಮುಳುಗಿದ್ರೆ ಲಾಭ ಬರೋ ಬಾಜಿ ಕಟ್ಟಿದ್ದಾರೆ ಅಂತ ವಿಂಡ್‌ಸ್ಟ್ರೀಮ್ ಆರೋಪ ಮಾಡಿತ್ತು.) ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶ ಜೆಸ್ಸಿ ಫರ್ಮನ್ ಸಹಿ ಯಾರದ್ದು ಅಂತಷ್ಟೇ ನೋಡಲಿಲ್ಲ. ಕೇಬಲ್ ಬಳಸ್ತಿರೋರು ಯಾರು, ಬಾಡಿಗೆಯ ಹಣ ಯಾರ ಜೇಬಿಂದ ಹೋಗ್ತಿದೆ ಅಂತ ನೋಡಿದ್ರು. ಎರಡೂ ಮಗಳ ಕಡೆಯಿಂದಲೇ. 2019ರ ಫೆಬ್ರವರಿ 15ರಂದು ತೀರ್ಪು ಬಂತು: ಷರತ್ತು ಮುರಿದಿದ್ದೀರಿ, ಆರೀಲಿಯಸ್‌ಗೆ ಸುಮಾರು 31 ಕೋಟಿ ಡಾಲರ್, ಮೇಲೆ ಬಡ್ಡಿ ಕೊಡಿ. ಈ ತೀರ್ಪಿನಿಂದ ಬೇರೆ ಸಾಲಗಳೂ ತಕ್ಷಣ ಮೈಮೇಲೆ ಬೀಳೋ ಸ್ಥಿತಿ. ಹತ್ತೇ ದಿನಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು.

ಜುಲೈನಲ್ಲಿ ಅದೇ ವಿಂಡ್‌ಸ್ಟ್ರೀಮ್ ದಿವಾಳಿ ಕೋರ್ಟಿನಲ್ಲಿ ಯೂನಿಟಿ ಮೇಲೆ ಕೇಸ್ ಹಾಕಿತು. ಈ ಸಲದ ವಾದ: ಸ್ವಾಮಿ, ಇದು ಲೀಸೇ ಅಲ್ಲ, ವೇಷ ಹಾಕಿದ ಸಾಲ!

ಮೊದಲ ಕೋರ್ಟಲ್ಲಿ 'ಕಾಗದ ನೋಡಿ, ಒಳಗೆ ನೋಡಬೇಡಿ'. ಎರಡನೇ ಕೋರ್ಟಲ್ಲಿ 'ಒಳಗೆ ನೋಡಿ, ಕಾಗದ ನೋಡಬೇಡಿ'. ಬಾಯಿ ಒಂದೇ.

(3/3)

ಬಿಕಾಂನವರಿಗೆ ಗೊತ್ತು, ದಿವಾಳಿಯಲ್ಲಿ ಈ ವ್ಯತ್ಯಾಸವೇ ಎಲ್ಲ. ನಿಜವಾದ ಲೀಸ್ ಆದ್ರೆ ಇಡಿಯಾಗಿ ಒಪ್ಪಿ ಬಾಡಿಗೆ ಪೂರ್ತಿ ಕಟ್ಟಬೇಕು, ಇಲ್ಲಾ ಇಡಿಯಾಗಿ ಬಿಡಬೇಕು. ಬಿಟ್ಟರೆ ಕೇಬಲ್ ಇಲ್ಲದ ಟೆಲಿಕಾಂ ಕಂಪನಿ, ಅಂದ್ರೆ ಏನೂ ಇಲ್ಲ. ಸಾಲ ಅಂತಾದ್ರೆ ಕೇಬಲ್ ವಿಂಡ್‌ಸ್ಟ್ರೀಮ್‌ದು, ಯೂನಿಟಿ ಕ್ಯೂನಲ್ಲಿ ನಿಂತ ಇನ್ನೊಬ್ಬ ಸಾಲಗಾರ.

ನನ್ನ ಅಭಿಪ್ರಾಯ ಕೇಳಿದ್ರೆ, ವಿಂಡ್‌ಸ್ಟ್ರೀಮ್‌ನ ಎರಡನೇ ವಾದ ಸರಿ ಇತ್ತು. ದುರಸ್ತಿ ಅವರದ್ದು, ಆಸ್ತಿ ತೆರಿಗೆ ಅವರದ್ದು, ವಿಮೆ ಅವರದ್ದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಈ ಜಾಲದಲ್ಲಿ ವಿಂಡ್‌ಸ್ಟ್ರೀಮ್ ತನ್ನ ದುಡ್ಡಲ್ಲಿ ತಾಮ್ರ ತೆಗೆದು ಹೊಸ ಫೈಬರ್ ಹಾಕಿದ್ರೆ ಆ ಫೈಬರ್ ಯೂನಿಟಿಯದ್ದಾಗ್ತಿತ್ತು. ಬಾಡಿಗೆ ಮನೆಗೆ ನೀವೇ ಮಹಡಿ ಕಟ್ಟಿಸಿ, ಅದಕ್ಕೂ ಬಾಡಿಗೆ ಕೊಡೋದು ಯಾರಾದ್ರೂ ಮಾಡ್ತಾರಾ? ಇನ್ನೂ ಮಜಾ ಅಂದ್ರೆ ವಿಂಡ್‌ಸ್ಟ್ರೀಮ್ ತನ್ನ ಲೆಕ್ಕಪುಸ್ತಕದಲ್ಲಿ ವರ್ಷಗಟ್ಟಲೆ ಆ ಕೇಬಲ್ಲನ್ನ ತನ್ನ ಆಸ್ತಿ ಅಂತಲೇ ಇಟ್ಟಿತ್ತು, ಲೀಸನ್ನ ದೀರ್ಘಾವಧಿ ಹೊಣೆ ಅಂತ ತೋರಿಸಿತ್ತು. ತೆರಿಗೆ ಇಲಾಖೆಗೆ ಬಾಡಿಗೆ, ಬ್ಯಾಲೆನ್ಸ್ ಶೀಟಲ್ಲಿ ಸಾಲ.

ವಾದ ಸರಿ, ಆದ್ರೆ ಅದನ್ನ ಹೇಳೋ ಹಕ್ಕು ಅವರಿಗಿರಲಿಲ್ಲ. ಕಾಗದದ ಹೆಸರಿನಿಂದ ನಾಲ್ಕು ವರ್ಷ ತೆರಿಗೆ ಲಾಭ ತಿಂದು, ಕಷ್ಟ ಬಂದಾಗ ಆ ಹೆಸರು ಸುಳ್ಳು ಅನ್ನೋದು ನ್ಯಾಯ ಅಲ್ಲ. ಹಾಗಂತ ಯೂನಿಟಿಯೂ ಪಾಪದವರಲ್ಲ, ಹುಟ್ಟಿದ್ದೇ ಆ ಕಾಗದದಿಂದ.

ಕೊನೆಗೆ ಯಾರದ್ದು ಅಂತ ಕೋರ್ಟ್ ಹೇಳಿತಾ? ಇಲ್ಲ! 2020ರ ಮಾರ್ಚ್‌ನಲ್ಲಿ, ವಿಚಾರಣೆಯ ಹೊಸ್ತಿಲಲ್ಲಿ, ಇಬ್ಬರೂ ರಾಜಿ ಆದ್ರು. ಬಾಡಿಗೆ ಹಾಗೇ ಉಳಿಯಿತು. ಬದಲಿಗೆ ಯೂನಿಟಿ ಕಂತುಗಳಲ್ಲಿ ಸುಮಾರು 49 ಕೋಟಿ ಡಾಲರ್ ವಿಂಡ್‌ಸ್ಟ್ರೀಮ್‌ಗೆ ಕೊಡೋದು, ಹೊಸ ಫೈಬರ್‌ಗೆ 175 ಕೋಟಿ ಡಾಲರ್‌ವರೆಗೆ ಹೂಡೋದು. ಹಳ್ಳಿಗಳ ಇಂಟರ್ನೆಟ್ ದೃಷ್ಟಿಯಿಂದ ಇದು ಒಳ್ಳೇದೇ ಇರಬಹುದು. ಯೂನಿಟಿಯ ಆದಾಯದ ಬಹುಪಾಲು ಈ ಒಬ್ಬ ಬಾಡಿಗೆದಾರನಿಂದ ಬರ್ತಿತ್ತು, ಸೋತಿದ್ರೆ ಅದೂ ಮುಳುಗೋ ಅಪಾಯ ಇತ್ತು. ಆದ್ರೂ ನನಗೆ ಬೇಜಾರು. ನಾಳೆ ಇನ್ನೊಂದು ಕಂಪನಿ ಇದೇ ಆಟ ಆಡಿದ್ರೆ ತೋರಿಸೋಕೆ ಒಂದು ತೀರ್ಪು ಬೇಕಿತ್ತು.

ವಿಂಡ್‌ಸ್ಟ್ರೀಮ್‌ನ ಹಳೇ ಷೇರುಗಳು ಸೊನ್ನೆಯಾದವು. ಸಾಲ ಕೊಟ್ಟವರು ಕಂಪನಿಯನ್ನೇ ತಗೊಂಡ್ರು. 2025ರ ಆಗಸ್ಟ್ 1ರಂದು ಯೂನಿಟಿ ಮತ್ತು ವಿಂಡ್‌ಸ್ಟ್ರೀಮ್ ವಿಲೀನ ಆದವು. ಕೇಬಲ್ಲೂ ಅದನ್ನ ಬಳಸೋರೂ ಹತ್ತು ವರ್ಷದ ಮೇಲೆ ಮತ್ತೆ ಒಂದೇ ಮನೆಯಲ್ಲಿ.

ಲೀಸ್ ಮನೆಯಲ್ಲಿ ಇರೋ ಕ್ಲಾಸ್‌ಮೇಟ್ಸ್, ಇವತ್ತು ಅಪ್ಪ-ಅಮ್ಮನ್ನ ಕೇಳಿ ಆ ಕರಾರುಪತ್ರ ತೆಗೆದು ನೋಡಿ. ಅದರಲ್ಲಿ ಬಾಡಿಗೆ ಅಂತಿದೆಯಾ, ಭೋಗ್ಯ ಅಂತಿದೆಯಾ, ನೋಂದಣಿ ಆಗಿದೆಯಾ? ಕಾಮೆಂಟಲ್ಲಿ ಹಾಕಿ.